ಕ್ಯಾಂಪರ್ ವ್ಯಾನ್: ಕೊಳ್ಳೋದಾ, ಬಾಡಿಗೆಗೆ ತಗೊಳ್ಳೋದಾ? ಮಲೆನಾಡಿನವರು ಹೇಳಿ

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ನಾವು ಶಿವಮೊಗ್ಗದವರು, ತೀರ್ಥಹಳ್ಳಿ ಹತ್ತಿರ ಸ್ವಲ್ಪ ಅಡಿಕೆ ತೋಟ ಇದೆ. ಮನೆಯಲ್ಲಿ ಐದು ಜನ. ನಾನು, ಹೆಂಡತಿ, ಇಬ್ಬರು ಮಕ್ಕಳು, 68 ವರ್ಷದ ಅಮ್ಮ. ಅಮ್ಮನಿಗೆ ಎರಡೂ ಮಂಡಿ ನೋವು, ಕುಕ್ಕರಗಾಲಲ್ಲಿ ಕೂರುವ ಶೌಚಾಲಯ ಆಗುವುದೇ ಇಲ್ಲ. ಹೋದ ವರ್ಷ ಜೋಗಕ್ಕೆ ಕರೆದುಕೊಂಡು ಹೋಗಿದ್ದೆವು. ವಾಪಸ್ ಬರುವಾಗ ಸಾಗರ ದಾಟಿದ ಮೇಲೆ ನೋಡುತ್ತೇನೆ, ಬೆಳಿಗ್ಗೆ ಅವರ ಕೈಗೆ ಕೊಟ್ಟ ನೀರಿನ ಬಾಟಲಿಯ ಮುಚ್ಚಳ ಕೂಡ ತೆಗೆದಿಲ್ಲ. ಕೇಳಿದರೆ "ಬಾಯಾರಿಕೆ ಆಗಲಿಲ್ಲ" ಅಂದರು. ಇಡೀ ದಿನ ಬಾಯಾರಿಕೆ ಆಗದೇ ಇರುತ್ತಾ? ದಾರಿಯಲ್ಲಿ ಎಲ್ಲಿ ಹೋಗೋದು ಅನ್ನುವ ಹೆದರಿಕೆ, ಅಷ್ಟೇ. ಅವತ್ತಿನಿಂದ, ಒಳಗೇ ಮಲಗುವ ಜಾಗ, ಕಮೋಡ್ ಇರುವ ಒಂದು ಕ್ಯಾಂಪರ್ ವ್ಯಾನ್ ಇದ್ದರೆ ಅಮ್ಮನನ್ನು ಎಲ್ಲಿಗೆ ಬೇಕಾದರೂ ಕರೆದುಕೊಂಡು ಹೋಗಬಹುದಲ್ಲ ಅನ್ನುವುದು ನನ್ನ ತಲೆಯಲ್ಲಿ ಕೂತುಬಿಟ್ಟಿದೆ.

ಈಗ ಒಂದು ಹಳೇ ಟೆಂಪೋ ಟ್ರಾವೆಲರ್ ನೋಡಿದ್ದೇನೆ, 3350 ಮಿಮೀ ವೀಲ್‌ಬೇಸಿನದು (ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ). ಗಾಡಿ, ಒಳಗಿನ ಕೆಲಸ ಎಲ್ಲ ಸೇರಿ 21 ಲಕ್ಷ ಆಗುತ್ತದೆ ಅಂತ ಲೆಕ್ಕ ಕೊಟ್ಟಿದ್ದಾರೆ. ಬೆಂಗಳೂರಿನಲ್ಲಿ ಬಾಡಿಗೆಗೆ ವಿಚಾರಿಸಿದೆ, ದಿನಕ್ಕೆ 9 ಸಾವಿರ ಹೇಳಿದರು, ಡೀಸೆಲ್ ಬೇರೆ. ದಿನಕ್ಕೆ 9 ಸಾವಿರ ಕೊಡುವಾಗ ಹೊಟ್ಟೆ ಉರಿಯುತ್ತದೆ. ಅದಕ್ಕಿಂತ ಸ್ವಂತದ್ದೇ ಇದ್ದರೆ ಒಳ್ಳೆಯದಲ್ವಾ ಅಂತ ನನಗೆ. ಹೆಂಡತಿ ಬೇಡ ಅನ್ನುತ್ತಿದ್ದಾಳೆ. ನಮ್ಮ ಕಡೆ ಇಂಥ ಗಾಡಿ ಇಟ್ಟುಕೊಂಡು ಅನುಭವ ಇರುವವರು ದಯವಿಟ್ಟು ಹೇಳಿ.

ಘಾಟಿದಾರಿ:

ನಾನು ಟಿಟಿ (ಟೆಂಪೋ ಟ್ರಾವೆಲರ್) ಓಡಿಸಿಯೇ ಹೊಟ್ಟೆ ಹೊರೆದವನು, 11 ವರ್ಷ. ದುಡ್ಡಿನ ಮಾತು ಆಮೇಲೆ, ಮೊದಲು ದಾರಿ ಹೇಳುತ್ತೇನೆ.

ನೀವು ನೋಡಿರುವ ಗಾಡಿ ನಮ್ಮ ರಸ್ತೆಗೆ ಹೋಗದೇ ಏನಿಲ್ಲ. ಆಗುಂಬೆ ಘಾಟಿಯ 14 ತಿರುವೂ ಹತ್ತುತ್ತದೆ, ಇಳಿಯುತ್ತದೆ. ಆದರೆ ಒಳಗೆ ಮಂಚ, ಕಪಾಟು, 100 ಲೀಟರ್ ನೀರು, ಗ್ಯಾಸು, ಬ್ಯಾಟರಿ ಎಲ್ಲ ತುಂಬಿದ ಮೇಲೆ ಅದು ಖಾಲಿ ಟಿಟಿ ಅಲ್ಲ. 100 ಲೀಟರ್ ನೀರೇ 100 ಕೆಜಿ, ತಿರುವಿನಲ್ಲಿ ಅದು ಒಂದು ಮಗ್ಗುಲಿಗೆ ಎಳೆಯುವುದು ಸ್ಟೇರಿಂಗ್ ಹಿಡಿದವನಿಗೆ ಗೊತ್ತಾಗುತ್ತದೆ. ಇಳಿಯುವಾಗ ಎರಡನೇ ಗೇರು ಬಿಡಬಾರದು, ಬರೀ ಬ್ರೇಕ್ ನಂಬಿದರೆ ಘಾಟಿ ಬುಡದ ಸೋಮೇಶ್ವರ ಮುಟ್ಟುವಷ್ಟರಲ್ಲಿ ಸುಟ್ಟ ವಾಸನೆ ಬರುತ್ತದೆ. ಮಳೆಗಾಲದಲ್ಲಿ ಆಗುಂಬೆಯಲ್ಲಿ ಭಾರೀ ವಾಹನ ನಿಲ್ಲಿಸುವುದು ಮಾಮೂಲು, ಹೊರಡುವ ಮುಂಚೆ ಆ ವರ್ಷದ ಆದೇಶ ಏನಿದೆ ನೋಡಿಕೊಳ್ಳಿ.

ಮುಖ್ಯ ತೊಂದರೆ ದೊಡ್ಡ ರಸ್ತೆಯಲ್ಲಿ ಇಲ್ಲ, ಕೊನೆಯ ಮೂರು ಕಿಲೋಮೀಟರಲ್ಲಿ ಇದೆ. ಕವಲೇದುರ್ಗದ ಕಡೆ ಒಳದಾರಿಗೆ ಇಳಿದಿರೋ, ಎದುರಿಗೆ ಒಂದು ಪಿಕಪ್ ಬಂದರೆ ಯಾರಾದರೊಬ್ಬರು ಹಿಂದಕ್ಕೆ ಹೋಗಲೇಬೇಕು. ಹಲಸಿನ ಕೊಂಬೆ, ಕರೆಂಟಿನ ತಂತಿ ಎಲ್ಲ ತಲೆಗೆ ತಾಗುವ ಹಾಗೇ ಇರುತ್ತವೆ. ಮೇಲೆ ಸೋಲಾರ್ ಪ್ಯಾನೆಲ್ ಬೇರೆ ಕೂರಿಸಿದರೆ ಇನ್ನೊಂದು ನಾಲ್ಕು ಇಂಚು ಎತ್ತರ. ಕುಂದಾದ್ರಿಗೆ ತಾರು ರಸ್ತೆ ಇದೆ, ಆದರೆ ಅಷ್ಟು ಕಡಿದಾದ ಏರಿಗೆ ಈ ಭಾರ ಹಾಕಿಕೊಂಡು ನಾನಂತೂ ಹೋಗಲ್ಲ. ಕೊಡಚಾದ್ರಿಗೆ ಹೇಗೂ ಜೀಪೇ ಗತಿ. ಅಂದರೆ ವ್ಯಾನ್ ತಗೊಂಡರೂ ಮೇಲೆ ಹೋಗುವಾಗ ಅಮ್ಮ ಕೆಳಗೇ ಕೂರಬೇಕು. ಒಂದು ಒಳ್ಳೇ ಸುದ್ದಿ ಅಂದರೆ ಸಿಗಂದೂರು. ಹಿನ್ನೀರು ದಾಟುವ ಲಾಂಚಿಗೆ ಸರತಿಯಲ್ಲಿ ನಿಂತು ಕಾಯುವುದು ತಪ್ಪಿದೆ, 2025ರ ಜುಲೈನಲ್ಲಿ ಸೇತುವೆ ತೆರೆದ ಮೇಲೆ ಟಿಟಿ ಸೀದಾ ದಾಟುತ್ತದೆ.

ಲೈಸೆನ್ಸ್ ಬಗ್ಗೆ ಚಿಂತೆ ಬೇಡ, 7500 ಕೆಜಿ ಒಳಗಿನ ಗಾಡಿಗೆ ಹಗುರ ವಾಹನದ ಎಲ್‌ಎಂವಿ ಸಾಕು.

ಶರಾವತಿ ಹಿನ್ನೀರು:

ನಾವು ಕೊಂಡವರು. ಸಾಗರದಲ್ಲಿದ್ದೇವೆ. ಮೂರು ವರ್ಷ ಆಯ್ತು. ನಿಮ್ಮ ಬಾಟಲಿ ವಿಷಯ ಓದಿ ಸುಮ್ಮನಿರಲು ಆಗಲಿಲ್ಲ, ಅದಕ್ಕೇ ಉದ್ದ ಬರೆಯುತ್ತಿದ್ದೇನೆ.

ಮೊದಲ ವರ್ಷ ಗಾಡಿಯಲ್ಲಿ ಮಲಗಿದ್ದು 23 ರಾತ್ರಿ. ಎರಡನೇ ವರ್ಷ 11. ಈ ವರ್ಷ ಇಲ್ಲಿಯವರೆಗೆ 6. ಆಸೆ ಕಮ್ಮಿ ಆಗಿದ್ದಲ್ಲ. ನಮ್ಮಲ್ಲಿ ದಿನ ಸಿಗುವುದೇ ಹಾಗೆ. ನೀವೂ ತೋಟದವರು, ಲೆಕ್ಕ ಹಾಕಿ ನೋಡಿ. ಜೂನ್‌ನಿಂದ ಸೆಪ್ಟೆಂಬರ್ ಜಡಿಮಳೆ, ಅದರಲ್ಲಿ ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ಔಷಧಿ ಹೊಡೆಸುವ ಕೆಲಸ ಬೇರೆ, ಎರಡು ದಿನ ಬಿಸಿಲು ಬಿದ್ದರೆ ತೋಟಕ್ಕೇ ಓಡಬೇಕು. ತಿರುಗಾಡಲು ಚೆಂದ ಇರುವುದು ದೀಪಾವಳಿಯಿಂದ ಶಿವರಾತ್ರಿಯವರೆಗೆ. ಆಗ ಅಡಿಕೆ ಗೊನೆ ಕೊಯ್ಲು, ಸುಲಿಯುವುದು, ಬೇಯಿಸುವುದು, ಒಣಗಿಸುವುದು. ಏಪ್ರಿಲ್, ಮೇನಲ್ಲಿ ಮಕ್ಕಳಿಗೆ ರಜೆ, ಆದರೆ ತಗಡಿನ ಗಾಡಿ ಒಳಗೆ ಮಧ್ಯಾಹ್ನ ಕೂರಲಾಗುವುದಿಲ್ಲ. ಹಾಗಾದರೆ ಉಳಿದದ್ದು ಎಷ್ಟು ದಿನ?

ಇನ್ನು ಮಳೆಗಾಲದಲ್ಲಿ ಗಾಡಿ ನಿಲ್ಲಿಸುವ ಕಥೆ. ನಮ್ಮದು ಅಂಗಳದಲ್ಲಿ ತಗಡಿನ ಮಾಡಿನ ಕೆಳಗೇ ಇತ್ತು, ನೆನೆಯುತ್ತಿರಲಿಲ್ಲ. ಮೊದಲ ವರ್ಷ ಆಶ್ಲೇಷ ಮಳೆ ಮುಗಿದ ಮೇಲೆ ಬಾಗಿಲು ತೆಗೆದೆ. ಒಳಗಿನ ಗಾಳಿಯೇ ಹಸಿ. ಹಾಸಿಗೆ ಎತ್ತಿದರೆ ಕೆಳಗಿನ ಪ್ಲೈವುಡ್ ಮೇಲೆ ಬಿಳಿ ಬೂಷ್ಟು, ಹತ್ತಿ ಹರಡಿದ ಹಾಗೆ, ಬೆರಳಲ್ಲಿ ಎಳೆದರೆ ಗೆರೆ ಮೂಡುತ್ತಿತ್ತು. ಸಿಂಕಿನ ಕೆಳಗೆ ಇಲಿ ಸೇರಿ ನೀರಿನ ಪಂಪಿನ ವೈರು ಕಡಿದು ಹಾಕಿತ್ತು, ಅಲ್ಲೇ ಟಿಶ್ಯೂ ಪೇಪರ್ ಚೂರು ಮಾಡಿ ಗೂಡು ಕಟ್ಟಿತ್ತು. ಹಾಸಿಗೆ ಎಸೆದೆವು. ಈಗ ಮಳೆಗಾಲಕ್ಕೆ ಮುಂಚೆ ಹಾಸಿಗೆ, ಪರದೆ ಎಲ್ಲ ಕಳಚಿ ಅಟ್ಟಕ್ಕೆ ಹಾಕುತ್ತೇವೆ, ವಾರಕ್ಕೊಮ್ಮೆ ಬಾಗಿಲು ತೆರೆದು ಫ್ಯಾನ್ ಹಾಕುತ್ತೇವೆ. ಇದು ಕೊಟ್ಟಿಗೆಯಲ್ಲಿ ಇನ್ನೊಂದು ದನ ಕಟ್ಟಿಕೊಂಡಷ್ಟೇ ಕೆಲಸ.

ವ್ಯಾನಿಗೆ ಎಸಿ ಹಾಕಿಕೊಡುತ್ತೇವೆ ಅಂತ ಯಾರಾದರೂ ಹೇಳಿದರೆ ಮರುಳಾಗಬೇಡಿ. 12 ವೋಲ್ಟಿನ 200 ಎಎಚ್ (ಆಂಪಿಯರ್ ಅವರ್) ಲಿಥಿಯಂ ಬ್ಯಾಟರಿ ಅಂದರೆ 2.4 ಯೂನಿಟ್ ಕರೆಂಟು. ಒಂದು ಟನ್ ಎಸಿ ಗಂಟೆಗೆ ಹೆಚ್ಚುಕಮ್ಮಿ ಒಂದು ಯೂನಿಟ್ ತಿನ್ನುತ್ತದೆ. ಎರಡು ಗಂಟೆಗೆ ಮುಗಿಯಿತು. ಲೈಟು, ಫ್ಯಾನು, ಸಣ್ಣ ಫ್ರಿಜ್ಜಿಗೆ ಮಾತ್ರ ಧಾರಾಳ.

ದುಡ್ಡು ಹೇಳಿಬಿಡುತ್ತೇನೆ. 21 ಲಕ್ಷವನ್ನು ಬ್ಯಾಂಕಿನಲ್ಲಿ ಶೇಕಡಾ 7ಕ್ಕೆ ಇಟ್ಟರೆ ವರ್ಷಕ್ಕೆ 1 ಲಕ್ಷ 47 ಸಾವಿರ ಬಡ್ಡಿ. ದಿನಕ್ಕೆ 9 ಸಾವಿರದಂತೆ 16 ದಿನದ ಬಾಡಿಗೆ ಬರೀ ಬಡ್ಡಿಯಲ್ಲೇ ಆಯ್ತು, ಅಸಲು ಹಾಗೇ ಇದೆ. ನಾನು ಇದಕ್ಕೆ ಇನ್ಶೂರೆನ್ಸ್, ಟೈರು, ಸರ್ವಿಸು ಸೇರಿಸಿಲ್ಲ. ವರ್ಷಕ್ಕೆ 30 ದಿನ ಖಂಡಿತ ಹೋಗುತ್ತೇನೆ ಅನ್ನುವವರು ಕೊಳ್ಳಲಿ. ನಾವು ಮಾರಬೇಕು ಅಂತಿದ್ದೇವೆ. ಅದರಲ್ಲಿ ಕಳೆದ ರಾತ್ರಿಗಳ ಬಗ್ಗೆ ಬೇಜಾರಿಲ್ಲ, ಮಗಳು ಇವತ್ತಿಗೂ ಹಿನ್ನೀರಿನ ಪಕ್ಕ ಎದ್ದ ಬೆಳಗಿನ ಮಾತೇ ಆಡುತ್ತಾಳೆ.

ಆರ್‌ಸಿ ನೋಡಿ ಮಾತಾಡಿ:

ಒಂದು ವಿಷಯ ಯಾರೂ ಹೇಳಲಿಲ್ಲ. ಪ್ರಯಾಣಿಕರ ಟಿಟಿ ತಂದು ಸೀಟು ಕಿತ್ತು ಮಂಚ, ಗ್ಯಾಸ್ ಒಲೆ ಕೂರಿಸಿ ಸುಮ್ನೆ ಓಡಿಸಲು ಬರುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿ ಇರುವ ವಿವರ ಬದಲಾಗುವಂಥ ಮಾರ್ಪಾಡಿಗೆ ಆರ್‌ಟಿಒ ಒಪ್ಪಿಗೆ ಬೇಕು. ಸ್ವಂತ ಬಳಕೆಯ ಕ್ಯಾಂಪರ್ ವ್ಯಾನ್ ಅನ್ನುವ ವರ್ಗ ಕೇಂದ್ರದ ಪಟ್ಟಿಯಲ್ಲೇ ಇದೆ, ಬಾಡಿಗೆಗೆ ಓಡದ ಗಾಡಿಗಳ ನಾನ್ ಟ್ರಾನ್ಸ್‌ಪೋರ್ಟ್‌ನಲ್ಲಿ ಬರುತ್ತದೆ. ಮೋಟಾರ್ ಕ್ಯಾರವಾನಿಗೆ ಎಐಎಸ್-124 ಅಂತ ಪ್ರತ್ಯೇಕ ಮಾನದಂಡವೂ ಇದೆ. ಹಾಗಾಗಿ ಕೆಲಸ ಮಾಡಿಕೊಡುವವರ ಹತ್ತಿರ ಮೊದಲು ಕೇಳಬೇಕಾದದ್ದು ಒಳಗೆ ಯಾವ ಬಣ್ಣ ಅಂತಲ್ಲ, ಕೊನೆಗೆ ಆರ್‌ಸಿಯಲ್ಲಿ ಏನು ಬರೆಸಿ ಕೊಡುತ್ತೀರಿ ಅಂತ. ನನ್ನ ಸಂಬಂಧಿಕರೊಬ್ಬರು ಹೀಗೇ ಬದಲಾಯಿಸಿದ ಗಾಡಿಗೆ ಅಪಘಾತ ಆದಾಗ ಇನ್ಶೂರೆನ್ಸ್‌ನವರು ಕ್ಲೇಮ್ ಕೊಡಲಿಲ್ಲ, ಮೂರೂವರೆ ಲಕ್ಷ ಕೈಯಿಂದ ಹೋಯಿತು.

ಇನ್ನೊಂದು, ನಾವು ಹೋಗದ ದಿನ ಬಾಡಿಗೆಗೆ ಬಿಟ್ಟು ದುಡ್ಡು ತೆಗೆಯೋಣ ಅನ್ನುವ ಯೋಚನೆ ಇದ್ದರೆ ಬಿಟ್ಟುಬಿಡಿ. ವೈಟ್ ಬೋರ್ಡ್ (ಬಿಳಿ ನಂಬರ್ ಪ್ಲೇಟಿನ) ಗಾಡಿ ಬಾಡಿಗೆಗೆ ಬಿಡುವಂತಿಲ್ಲ. ನೀವು ಬಾಡಿಗೆಗೆ ತಗೊಳ್ಳುವಾಗಲೂ ಬೋರ್ಡ್ ನೋಡಿ. ನೀವೇ ಓಡಿಸುವುದಾದರೆ ಕಪ್ಪು ಬೋರ್ಡಿನ ಮೇಲೆ ಹಳದಿ ಅಕ್ಷರ ಇರಬೇಕು.

ಹಸಿರುದೀಪ:

ನಾನು ನರ್ಸ್. ಎಲ್ಲರೂ ಗಾಡಿ ಬಗ್ಗೆ ಹೇಳಿದ್ದೀರಿ, ನಾನು ಅಮ್ಮನ ಬಗ್ಗೆ ಕೇಳುತ್ತೇನೆ. ಟಿಟಿ ಬಾಗಿಲಿನ ಮೆಟ್ಟಿಲು ಎಷ್ಟು ಎತ್ತರ ಇರುತ್ತದೆ ಗಮನಿಸಿದ್ದೀರಾ? ಮಂಡಿ ನೋವಿನವರಿಗೆ ಕಮೋಡಿಗಿಂತ ಮೊದಲು ಅದೇ ಕಷ್ಟ. ಒಳಗಿನ ಶೌಚಾಲಯ ಒಂದು ಕಪಾಟಿನಷ್ಟೇ ಇರುತ್ತದೆ. ಕೂತರೆ ಮಂಡಿ ಎದುರಿನ ಗೋಡೆಗೆ ತಾಗುತ್ತದೆ, ಹಿಡಿದು ಏಳಲು ಹಿಡಿ ಇಲ್ಲದಿದ್ದರೆ ಒಬ್ಬರೇ ಏಳಲಾಗುವುದಿಲ್ಲ. ಅಮ್ಮನನ್ನು ಕರೆದುಕೊಂಡು ಹೋಗಿ, ಹತ್ತಿಸಿ, ಕೂರಿಸಿ, ಏಳಿಸಿ ನೋಡದೇ ಒಂದು ರೂಪಾಯಿ ಅಡ್ವಾನ್ಸ್ ಕೊಡಬೇಡಿ. ಮಡಚುವ ಕಮೋಡ್ ಕುರ್ಚಿ ಮೆಡಿಕಲ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ, ಅದರ ಸುತ್ತ ನಿಲ್ಲಿಸುವ ಸಣ್ಣ ಟೆಂಟೂ ಬರುತ್ತದೆ. ಈಗಿರುವ ಕಾರಿನ ಡಿಕ್ಕಿಯಲ್ಲೇ ಹಿಡಿಸುತ್ತದೆ. ವ್ಯಾನ್ ಆಗುವವರೆಗೂ ಅಮ್ಮ ನೀರು ಕುಡಿಯದೇ ಕಾಯಬೇಕಾಗಿಲ್ಲ.

ವ್ಯಾನಿನ ಕಮೋಡಿನ ಟ್ಯಾಂಕು 20 ಲೀಟರ್ ಒಳಗೇ. ಐದು ಜನಕ್ಕೆ ಒಂದೂವರೆ ದಿನ ಬಂದರೆ ಹೆಚ್ಚು. ಅದನ್ನು ಎಲ್ಲಿ ಖಾಲಿ ಮಾಡುತ್ತೀರಿ ಅಂತ ಮೊದಲೇ ಗೊತ್ತಿರಬೇಕು. ದಯವಿಟ್ಟು ಹಳ್ಳಕ್ಕೆ ಸುರಿಯಬೇಡಿ, ಕೆಳಗಿನ ಊರಿನವರು ಅದೇ ನೀರು ಕುಡಿಯುತ್ತಾರೆ.

ಮತ್ತೆ ಕಾಡಂಚಿನಲ್ಲಿ ಸಿಕ್ಕಲ್ಲಿ ನಿಲ್ಲಿಸಿ ಮಲಗಬೇಡಿ. ಅಭಯಾರಣ್ಯದೊಳಗೆ ಅರಣ್ಯ ಇಲಾಖೆ ಅನುಮತಿ ಇಲ್ಲದೆ ರಾತ್ರಿ ಉಳಿಯುವಂತಿಲ್ಲ. ಅದಕ್ಕಿಂತ ಹೆಚ್ಚಾಗಿ ನನಗೆ ಹೆದರಿಕೆ ಮಂಗನ ಕಾಯಿಲೆಯದು. 1957ರಲ್ಲಿ ಅದು ಮೊದಲು ಕಂಡಿದ್ದೇ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ. ಉಣುಗು (ಉಣ್ಣೆ ಹುಳ) ಕಚ್ಚಿ ಬರುತ್ತದೆ, ಡಿಸೆಂಬರ್‌ನಿಂದ ಮೇವರೆಗೆ ಜಾಸ್ತಿ, ಅಂದರೆ ನೀವು ತಿರುಗುವ ತಿಂಗಳುಗಳೇ. ಮಕ್ಕಳನ್ನು ಒಣ ತರಗೆಲೆ ಮೇಲೆ ಕೂರಿಸಬೇಡಿ. ಮಂಗ ಸತ್ತ ಸುದ್ದಿ ಇರುವ ಕಡೆ ಹೋಗಲೇಬೇಡಿ. ಕೈಕಾಲಿಗೆ ಹಚ್ಚುವ ಡೆಪಾ ಎಣ್ಣೆಯನ್ನು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ. ಯಾರದಾದರೂ ಹೋಮ್‌ಸ್ಟೇ ಅಂಗಳದಲ್ಲಿ ಕೇಳಿ ನಿಲ್ಲಿಸುವುದೇ ಎಲ್ಲಕ್ಕಿಂತ ಒಳ್ಳೆಯದು, ಅಲ್ಲಿ ಟ್ಯಾಂಕು ಖಾಲಿ ಮಾಡಲೂ ಜಾಗ ಸಿಗುತ್ತದೆ.

ತುಂಗಾತೀರ:

ಇಷ್ಟು ಬರೆದಿದ್ದಕ್ಕೆ ಎಲ್ಲರಿಗೂ ಮನಸಾರೆ ಧನ್ಯವಾದ. ನಿನ್ನೆ ರಾತ್ರಿ ಹೆಂಡತಿ ಜೊತೆ ಕ್ಯಾಲೆಂಡರ್ ಇಟ್ಟುಕೊಂಡು ಕೂತೆ. ಕೊಯ್ಲು, ಪರೀಕ್ಷೆ, ಮದುವೆ ಮುಂಜಿ ಎಲ್ಲ ಗುರುತು ಹಾಕಿದ ಮೇಲೆ ಉಳಿದದ್ದು ವರ್ಷಕ್ಕೆ 14 ದಿನ. ನಾನು 40 ಅಂದುಕೊಂಡಿದ್ದೆ. 21 ಲಕ್ಷದ ಮಾತು ಅಲ್ಲಿಗೇ ನಿಲ್ಲಿಸಿದೆವು.

ಇವತ್ತು ಬೆಳಿಗ್ಗೆ ನಮ್ಮ ಬೀದಿಯವರ ಟಿಟಿ ಹತ್ತಿರ ಅಮ್ಮನನ್ನು ಕರೆದುಕೊಂಡು ಹೋದೆ. ಎರಡು ಸಲ ಕಾಲೆತ್ತಿದರು, ಆಗಲಿಲ್ಲ. ಮನೆಯಿಂದ ಹಾಲು ಕರೆಯಲು ಕೂರುವ ಮಣೆ ತಂದು ಕೆಳಗೆ ಇಟ್ಟೆ. ಒಂದು ಕೈಯಲ್ಲಿ ನನ್ನ ಭುಜ, ಇನ್ನೊಂದರಲ್ಲಿ ಬಾಗಿಲಿನ ಹಿಡಿ ಹಿಡಿದು ಹತ್ತಿದರು. ಒಳಗೆ ಕಿಟಕಿ ಪಕ್ಕ ಕೂತು "ಇದರಲ್ಲಿ ಕೊಲ್ಲೂರಿಗೂ ಹೋಗಬಹುದಾ?" ಅಂತ ಕೇಳಿದರು. ಕಮೋಡ್ ಕುರ್ಚಿ ಮಧ್ಯಾಹ್ನವೇ ತಂದೆ.

ದೀಪಾವಳಿ ಕಳೆದು ಕೊಯ್ಲು ಜೋರಾಗುವ ಮುಂಚೆ ನಾಲ್ಕು ದಿನಕ್ಕೆ ಬಾಡಿಗೆ ವ್ಯಾನ್ ಹೇಳಿದ್ದೇನೆ. ಬೆಂಗಳೂರಿನಿಂದ ತರಲು, ಬಿಡಲು 600 ಕಿಲೋಮೀಟರ್ ದಂಡ, ಅದಕ್ಕೆ ಅವರದೇ ಡ್ರೈವರ್ ಇಲ್ಲಿಗೆ ತಂದು ಕೊಡುವ ಹಾಗೆ ಮಾತಾಡುತ್ತಿದ್ದೇನೆ. ಕೊಲ್ಲೂರು ದಾರಿಯ ನಿಟ್ಟೂರು ಕಡೆಯವರು ಯಾರಾದರೂ ಇದ್ದೀರಾ? ಟಿಟಿ ಒಳಗೆ ಬಂದು ತಿರುಗುವಷ್ಟು ಅಂಗಳ ಇರುವ ಹೋಮ್‌ಸ್ಟೇ ಗೊತ್ತಿದ್ದರೆ ತಿಳಿಸಿ. ಮಣೆ ನಮ್ಮ ಹತ್ತಿರ ಇದೆ, ನೆಲ ಮಾತ್ರ ಮಟ್ಟಸವಾಗಿರಬೇಕು.