ಅತ್ತೆಯ ಸೀರಿಯಲ್ಲು, ಮಗಳ ಸೀರೀಸು: ನಾನೇನು ಮಾಡಲಿ?

ಡೊಂಬಿವಲಿ:
ಎಲ್ಲರಿಗೂ ನಮಸ್ಕಾರ. ನಮ್ಮ ಅತ್ತೆಗೆ ರಾತ್ರಿ ಕನ್ನಡ ಸೀರಿಯಲ್ ತಪ್ಪುವ ಹಾಗಿಲ್ಲ. ಹತ್ತನೇ ಕ್ಲಾಸಿನ ಮಗಳು ಮೊಬೈಲಿನಲ್ಲಿ 'ಶ್ಟಿಸೆಲ್' ನೋಡುತ್ತಾಳೆ. ಜೆರುಸಲೇಮಿನ ಮಡಿವಂತ ಯಹೂದಿ ಮನೆಯ ಕತೆ, 2013ರದ್ದು. ಮೊನ್ನೆ ಅತ್ತೆಯ ಪಕ್ಕ ಕೂತು, "ಅಜ್ಜಿ, ನಿನ್ನ ಸೀರಿಯಲ್ಲಿನಲ್ಲಿ ತುಳಸಿಗೆ ನೀರು ಹಾಕುವವಳು ಒಳ್ಳೆಯವಳು, ಕೂದಲು ಬಿಟ್ಟುಕೊಂಡು ಲಿಪ್‌ಸ್ಟಿಕ್ ಹಚ್ಚಿದವಳು ಮನೆಮುರುಕಿ. ಅಮ್ಮನೂ ಹಾಗೇ ಆಫೀಸಿಗೆ ಹೋಗ್ತಾಳಲ್ಲ?" ಅಂದಳು. ಅತ್ತೆ ಎದ್ದು ಒಳಗೆ ಹೋದರು. ಈಗ ಇವಳು ವರಮಹಾಲಕ್ಷ್ಮಿ ಪೂಜೆಗೆ ಕೂರಲ್ಲ ಅನ್ನುತ್ತಿದ್ದಾಳೆ. ಆ ಸೀರೀಸ್ ನೋಡುವುದನ್ನು ನಿಲ್ಲಿಸಬೇಕಾ?

ಪುಣೆ, ಕೋಥ್ರೂಡ್:
ನಿಲ್ಲಿಸಬೇಡಿ ಅಕ್ಕ. ನಾನು ಪೂರ್ತಿ ನೋಡಿದ್ದೇನೆ. ಧರ್ಮ ಬಿಟ್ಟು ಓಡಿದರೇ ಬಿಡುಗಡೆ ಅಂತ ಅದು ಹೇಳುವುದಿಲ್ಲ. ಮಗನಿಗೆ ಚಿತ್ರ ಬರೆಯುವ ಹುಚ್ಚು, ಅಪ್ಪನಿಗೆ ಅದು ಹಿಡಿಸಲ್ಲ. ಆದರೂ ಇಬ್ಬರೂ ಒಂದೇ ಮೇಜಿನಲ್ಲಿ ಊಟ ಮಾಡುತ್ತಾರೆ. ವೃದ್ಧಾಶ್ರಮದ ಅಜ್ಜಿಗೆ ಮೊದಲ ಸಲ ಟಿವಿ ಸಿಗುತ್ತದೆ, ಅವಳ ಮಗನಿಗೆ, ಅಂದರೆ ಆ ಅಪ್ಪನಿಗೆ, ಕೋಪ. ಆ ಎಪಿಸೋಡನ್ನು ಅತ್ತೆಗೆ ತೋರಿಸಿ. ಸಬ್‌ಟೈಟಲ್ ಇಂಗ್ಲಿಷಿನದು, ಮಗಳೇ ಕನ್ನಡದಲ್ಲಿ ಹೇಳಲಿ. 2020ರ 'ಅನಾರ್ಥಡಾಕ್ಸ್' ಬೇರೆ ಥರ, ಅಲ್ಲಿ ಹುಡುಗಿ ಬ್ರೂಕ್ಲಿನ್‌ನ ಮನೆ ಬಿಟ್ಟು ಬರ್ಲಿನ್‌ಗೆ ಹೋಗುತ್ತಾಳೆ. ಅದನ್ನು ಮೊದಲು ನೀವು ನೋಡಿ, ದೊಡ್ಡವರ ದೃಶ್ಯಗಳಿವೆ.

ಥಾಣೆ:
ಯಹೂದಿಗಳ ಮನೆ ನಮಗ್ಯಾಕೆ? ಮೊದಲು ಮೊಬೈಲ್ ತೆಗೆದಿಡಿ. ಈ ಓಟಿಟಿಯವರು ದೇವರ ಮನೆ ತೋರಿಸಿದರೆ ಅಲ್ಲೊಬ್ಬ ಕಪಟಿ ಇರಲೇಬೇಕು. 1987ರಲ್ಲಿ ರಾಮಾಯಣ ಬಂದಾಗ ನಮ್ಮ ಮಾಟುಂಗಾದ ಚಾಳಿನಲ್ಲಿ ಟಿವಿಗೆ ಹಾರ ಹಾಕುತ್ತಿದ್ದೆವು. ಮಕ್ಕಳು ಸ್ನಾನ ಮಾಡಿಯೇ ಬಂದು ಕೂರುತ್ತಿದ್ದರು. ನನ್ನ ಇಬ್ಬರು ಮಕ್ಕಳೂ ಇವತ್ತಿಗೂ ಸಂಧ್ಯಾವಂದನೆ ಬಿಟ್ಟಿಲ್ಲ, ಒಬ್ಬ ಅಮೆರಿಕದಲ್ಲಿದ್ದಾನೆ. ಮನೆಯಲ್ಲಿ ಕನ್ನಡ, ಶನಿವಾರ ಭಜನೆ. ಇಷ್ಟಿದ್ದರೆ ಯಾವ ಸೀರೀಸೂ ಮಕ್ಕಳನ್ನು ಕೆಡಿಸಲ್ಲ.

ವಾಶಿ:
ಸರ್, ಮರುವರ್ಷ ಶುರುವಾದ ಬಿ.ಆರ್. ಚೋಪ್ರಾ ಅವರ ಮಹಾಭಾರತಕ್ಕೆ ಸಂಭಾಷಣೆ ಬರೆದವರು ರಾಹಿ ಮಾಸೂಮ್ ರಜಾ. ಅದನ್ನೂ ನಾವೆಲ್ಲ ಕೈಮುಗಿದೇ ನೋಡಿದೆವು. ಅದೇ 1988ರಲ್ಲಿ ದೂರದರ್ಶನದಲ್ಲಿ 'ತಮಸ್' ಬಂತು, ದೇಶ ವಿಭಜನೆಯ ಗಲಭೆಯ ಕತೆ. ನಿಲ್ಲಿಸಿ ಅಂತ ಕೋರ್ಟಿಗೆ ಹೋದವರಿದ್ದರು, ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಆಗ ಅಪ್ಪ ನಮ್ಮನ್ನು ಎದುರಿಗೆ ಕೂರಿಸಿಕೊಂಡು ತೋರಿಸಿದರು. ಮಕ್ಕಳಿಗೆ ನೋಡಬೇಡ ಅನ್ನುವುದಕ್ಕಿಂತ ಜೊತೆಗೆ ನೋಡುವುದು ಮೇಲು.

ಥಾಣೆ:
ನಾನು ಹೇಳಿದ್ದು ಸಂಸ್ಕಾರದ ವಿಷಯ, ಕೋರ್ಟಿನದ್ದಲ್ಲ. ಕನ್ನಡ ಶಾಲೆ ಬಿಡಿಸಿ ಇಂಗ್ಲಿಷ್ ಶಾಲೆಗೆ ಹಾಕಿದಾಗಲೇ ಅರ್ಧ ಹೋಯಿತು. ಹತ್ತನೇ ಕ್ಲಾಸಿನ ಹುಡುಗಿ ಅಜ್ಜಿಗೆ ಎದುರು ಮಾತಾಡೋದಾ?

ಮಡಗಾಂವ್:
ನಮ್ಮ ಕೆಳಗಿನ ಮನೆಯ ಬಾಯಿ ದಿನಾ ಸಂಜೆ ರೋಸರಿ ಹೇಳುತ್ತಾರೆ. ಮಗ ಚರ್ಚಿನ ಕಡೆ ತಲೆ ಹಾಕಲ್ಲ. ಅವನು ಬರುವ ತನಕ ಆ ತಾಯಿ ಮೀನುಸಾರು ಬಿಸಿಯಾಗಿಟ್ಟು ಕಾಯುತ್ತಾರೆ. ನನ್ನ ಮಗ ಬೆಂಗಳೂರಿಗೆ ಹೋದಮೇಲೆ ಹಬ್ಬಕ್ಕೂ ಫೋನ್ ಮಾಡಲ್ಲ. ಎದುರಿಗೆ ನಿಂತು ಕೂರಲ್ಲ ಅನ್ನುವ ಮಗಳು ನಿಮಗಿದ್ದಾಳೆ, ತಂಗಿ.

ಡೊಂಬಿವಲಿ:
ಎಲ್ಲರಿಗೂ ಥ್ಯಾಂಕ್ಸ್. ಆದರೆ ಶುಕ್ರವಾರವೇ ಹಬ್ಬ. ಬಲವಂತ ಮಾಡಬೇಕಾ, ಬೇಡವಾ? ಅತ್ತೆಗೆ ಏನು ಹೇಳಲಿ?

ಥಾಣೆ:
ಈ ಶನಿವಾರ ಭಜನೆಗೆ ಕರೆದುಕೊಂಡು ಬನ್ನಿ ಅಮ್ಮ. ಸಂಜೆ 6ಕ್ಕೆ ಶುರು. ಅತ್ತೆಯವರೂ ಬರಲಿ.