43,20,000ವನ್ನು ಏಳರಿಂದ ಭಾಗಿಸಿದರೆ

ಗುಂಪು: ಬಸವನಗುಡಿ ಮನೆಯವರು

ದೊಡ್ಡಪ್ಪ: (ಫಾರ್ವರ್ಡ್ ಆದ ಸಂದೇಶ) ಮಹಾಯುಗದ 43,20,000 ವರ್ಷಗಳು! 1ರಿಂದ 10ರವರೆಗಿನ ಎಲ್ಲ ಸಂಖ್ಯೆಗಳಿಂದಲೂ ಶೇಷವಿಲ್ಲದೆ ಭಾಗವಾಗುವ ಸಂಖ್ಯೆ. ಆರ್ಯಭಟ ಇದನ್ನು ಆರಿಸಿಕೊಂಡದ್ದೇ ಅದಕ್ಕಾಗಿ.

ದೊಡ್ಡಪ್ಪ: ಮಕ್ಕಳೆಲ್ಲ ಓದಲೇಬೇಕು.

ಕಿರಣ: ಮೆಟ್ರೊದಲ್ಲಿ ನಿಂತುಕೊಂಡೇ ಭಾಗಿಸಿದೆ ದೊಡ್ಡಪ್ಪ. 7 × 6,17,142 = 43,19,994. ಆರು ಉಳಿಯುತ್ತದೆ.

ದೊಡ್ಡಪ್ಪ: ಒಂದು ಏಳಕ್ಕಾಗಿ ಎಲ್ಲವನ್ನೂ ತಳ್ಳಿಹಾಕುತ್ತೀಯಾ? ಉಳಿದ ಒಂಬತ್ತರಿಂದಲೂ ಭಾಗವಾಗುತ್ತದಲ್ಲ!

ವೀಣಾ: ಆಗುತ್ತದೆ. ಎಂಟು ಎರಡು, ಮೂರು ಮೂರು, ನಾಲ್ಕು ಐದು, ಇಷ್ಟನ್ನು ಗುಣಿಸಿದರೆ 43,20,000. ಅದಕ್ಕೆ 180 ಭಾಜಕಗಳಿವೆ. ಏಳಕ್ಕೆ ಮಾತ್ರ ಅಲ್ಲಿ ಜಾಗವಿಲ್ಲ. 1ರಿಂದ 10ರವರೆಗಿನ ಎಲ್ಲದರಿಂದಲೂ ಭಾಗವಾಗುವ ಅತಿ ಚಿಕ್ಕ ಸಂಖ್ಯೆ 2520. ಅಷ್ಟೇ ಬೇಕಿದ್ದರೆ ಲಕ್ಷಗಳ ತನಕ ಏಕೆ ಹೋಗಬೇಕಿತ್ತು?

ಶೈಲಜಾ ಅತ್ತೆ: ವೀಣಾ, ಅಣ್ಣ ಅಭಿಮಾನದಿಂದ ಹಾಕಿದ್ದಾರೆ. ಬಿಟ್ಟುಬಿಡಬಾರದೇ?

ವೀಣಾ: ಆರ್ಯಭಟನ ಮೇಲಿನ ಅಭಿಮಾನ ನನಗೂ ಇದೆ ಅತ್ತೆ. ಅದಕ್ಕೇ ಬಿಡಲಾಗುತ್ತಿಲ್ಲ. ಆರ್ಯಭಟೀಯದಲ್ಲಿ ಈ ಸಂಖ್ಯೆ ‘ಖ್ಯುಘೃ’ ಎಂಬ ಎರಡೇ ಅಕ್ಷರಗಳಲ್ಲಿ ಅಡಗಿದೆ. ಒಂದು ಯುಗದಲ್ಲಿ, ಅಂದರೆ ಈ ಮಹಾಯುಗದಲ್ಲಿ, ಸೂರ್ಯನ ಸುತ್ತುಗಳು ಅಷ್ಟು. ಅದೇ ಯುಗದಲ್ಲಿ ಭೂಮಿ ತನ್ನ ಸುತ್ತ ತಾನು 158,22,37,500 ಬಾರಿ ತಿರುಗುತ್ತದೆ ಎನ್ನುತ್ತಾನೆ. ಇದರಿಂದ ಅದನ್ನು ಕಳೆಯಿರಿ: 157,79,17,500 ದಿನಗಳು. ವರ್ಷದ ದಿನಗಳಿಗಿಂತ ಭೂಮಿ ಒಂದು ಸುತ್ತು ಹೆಚ್ಚು ತಿರುಗುತ್ತದೆ ಎಂಬುದು ಆ ಲೆಕ್ಕದೊಳಗೇ ಇದೆ! ವರ್ಷಕ್ಕೆ ಹಂಚಿದರೆ 365 ದಿನ, 6 ಗಂಟೆ, 12 ನಿಮಿಷ, 30 ಸೆಕೆಂಡು. ಇಂದಿನ ನಾಕ್ಷತ್ರಿಕ ವರ್ಷಕ್ಕಿಂತ (ನಕ್ಷತ್ರಗಳ ನಡುವೆ ಸೂರ್ಯ ಒಂದು ಸುತ್ತು ಮುಗಿಸುವ ಕಾಲ) ಮೂರೂಕಾಲು ನಿಮಿಷದಷ್ಟು ಹೆಚ್ಚು, ಅಷ್ಟೇ. ಇಷ್ಟು ದೀರ್ಘ ಕಾಲವನ್ನು ಹಿಡಿದರೆ ಭಿನ್ನರಾಶಿಗಳ ಗೊಡವೆಯಿಲ್ಲದೆ ಎಲ್ಲ ಸುತ್ತುಗಳನ್ನೂ ಪೂರ್ಣಸಂಖ್ಯೆಗಳಲ್ಲಿ ಹೇಳಬಹುದು.

ದೊಡ್ಡಪ್ಪ: ಏಳು ಬಿಟ್ಟುಹೋದರೆ ವಾರದ ಗತಿ?

ಕಿರಣ: ಆ ದಿನಗಳನ್ನು ಏಳರಿಂದ ಭಾಗಿಸಿದರೆ ಐದು ಉಳಿಯುತ್ತದೆ. ಆರ್ಯಭಟನ ಯುಗ ಬುಧವಾರ ಆರಂಭವಾಗುತ್ತದೆ. ಹಾಗಾದರೆ ಮುಂದಿನದು ಸೋಮವಾರ!

ವೀಣಾ: ಅವನಿಗೆ ಬೇಕಾಗಿದ್ದುದು ನಾಲ್ಕು. ಪುರಾಣಗಳಲ್ಲಿ ಮಹಾಯುಗದೊಳಗಿನ ನಾಲ್ಕು ಯುಗಗಳು 4:3:2:1ರ ಪ್ರಮಾಣದಲ್ಲಿವೆ. ಆರ್ಯಭಟ ತಲಾ 10,80,000 ವರ್ಷಗಳ ನಾಲ್ಕು ಸಮಪಾದಗಳನ್ನು ಮಾಡಿದ. ಯುಗದ ದಿನಗಳೂ ಚಂದ್ರನ 5,77,53,336 ಸುತ್ತುಗಳೂ ನಾಲ್ಕರಿಂದ ಸರಿಯಾಗಿ ಭಾಗವಾಗುತ್ತವೆ. ಮುಂದೆ ಗಣಿತಜ್ಞ ಬ್ರಹ್ಮಗುಪ್ತ ಈ ಸಮಪಾದಗಳನ್ನೇ ಟೀಕಿಸಿದ.

ದೊಡ್ಡಪ್ಪ: ಸ್ಮೃತಿಯಲ್ಲಿ ಇಲ್ಲದ್ದನ್ನು ತಂದರೆ ಟೀಕಿಸದೆ ಬಿಡುತ್ತಾರೆಯೇ?

ವೀಣಾ: ಸ್ಮೃತಿಗಿಂತ ಆಕಾಶಕ್ಕೆ ಒಪ್ಪುವುದು ಮುಖ್ಯವಲ್ಲವೇ?

ದೊಡ್ಡಪ್ಪ: ಇರಲಿ, ಈಗ ನಾನೇ ಕಾಗದ ಹಿಡಿದು ಕುಳಿತಿದ್ದೇನೆ. ಚಂದ್ರನ ಸುತ್ತುಗಳಿಂದ ಸೂರ್ಯನ ಸುತ್ತುಗಳನ್ನು ಕಳೆದೆ: 5,34,33,336. ಇವು ಚಾಂದ್ರಮಾಸಗಳು ತಾನೇ? ದಿನಗಳನ್ನು ಇದರಿಂದ ಭಾಗಿಸಿದರೆ 29.53058 ಬಂತು.

ವೀಣಾ: ಇಂದಿನ ಲೆಕ್ಕದಲ್ಲಿ 29.53059, ದೊಡ್ಡಪ್ಪ!

ದೊಡ್ಡಪ್ಪ: ಭಾನುವಾರ ಮನೆಗೆ ಬಾ, ಪಂಚಾಂಗ ಮುಂದಿಟ್ಟುಕೊಂಡು ಉಳಿದ ಗ್ರಹಗಳನ್ನೂ ನೋಡೋಣ. ಬ್ರಹ್ಮಗುಪ್ತನ ವಿಷಯದಲ್ಲಿ ಮಾತ್ರ ನಾನು ಒಪ್ಪಿಲ್ಲ.