ನಾಲ್ಕು ಆರ್ಟ್ ಕ್ವಿಲ್ಟ್ ಒಟ್ಟಿಗೆ ಕೈಯಲ್ಲಿದ್ದರೆ ವಾರದ ಕೆಲಸ ಹೇಗೆ ಹಂಚಿಕೊಳ್ಳೋದು? ನಿಮ್ಮ ಅನುಭವ ಹೇಳಿ

ಮಂಜೇಶ್ವರದಿಂದ ಪ್ರಶ್ನೆ:

ಅಕ್ಕಂದಿರೇ, ನನ್ನ ಕೈಯಲ್ಲಿ ಈಗ ನಾಲ್ಕು ಆರ್ಟ್ ಕ್ವಿಲ್ಟ್ ಇವೆ, ಅಂದರೆ ಬಟ್ಟೆ ತುಂಡು ಜೋಡಿಸಿ, ಪದರ ಸೇರಿಸಿ ಹೊಲಿದು ಗೋಡೆಗೆ ತೂಗುವ ಕಲಾಕೃತಿಗಳು. ಒಂದು ಬೇಕಲ ಕೋಟೆಯದ್ದು, ಒಂದು ಯಕ್ಷಗಾನದ ಕಿರೀಟದ್ದು, ಒಂದು ಗದ್ದೆ ಬೈಲಿನದ್ದು, ಇನ್ನೊಂದರಲ್ಲಿ ಚಿತ್ರ ಇಲ್ಲ, ಬರೀ ಬಣ್ಣ. ದಿನಕ್ಕೊಂದು ಹಿಡಿಯುತ್ತೇನೆ. ವಾರ ಕಳೆದು ನೋಡಿದರೆ ಯಾವುದೂ ಮುಂದೆ ಹೋದ ಹಾಗೆ ಕಾಣುವುದಿಲ್ಲ. ಮೂರನ್ನು ಕಟ್ಟಿಟ್ಟು ಒಂದನ್ನೇ ಮುಗಿಸಬೇಕಾ? ಮಳೆಗಾಲ ಬೇರೆ ಶುರುವಾಯ್ತು. ನೀವೆಲ್ಲ ಹೇಗೆ ಮಾಡ್ತೀರಿ?

ಬದಿಯಡ್ಕದಿಂದ:

ಕಟ್ಟಿಡಬೇಡಿ ತಂಗಿ. ನಾಲ್ಕಿದ್ದರೆ ಏನೂ ತೊಂದರೆ ಇಲ್ಲ. ನಾಲ್ಕೂ ಒಂದೇ ಹಂತದಲ್ಲಿ ನಿಂತಿವೆಯಾ, ಅದನ್ನು ಮೊದಲು ನೋಡಿ. ನಾಲ್ಕಕ್ಕೂ ತುಂಡು ಜೋಡಿಸುವುದೇ ಬಾಕಿ ಅಂತಾದರೆ, ಆ ಕೆಲಸ ಬೇಡ ಅನಿಸಿದ ದಿನ ನಾಲ್ಕೂ ನಿಂತುಬಿಡುತ್ತವೆ. ಒಂದು ಕ್ವಿಲ್ಟ್ ಗೋಡೆಯ ಮೇಲೆ ತುಂಡು ಇಟ್ಟು ನೋಡುವ ಹಂತದಲ್ಲಿರಲಿ, ಇನ್ನೊಂದು ಮಿಷಿನ್ ಕೆಲಸದಲ್ಲಿ, ಮತ್ತೊಂದು ಕೈಹೊಲಿಗೆಯಲ್ಲಿ, ಕೊನೆಯದು ಅಂಚು ಕಟ್ಟುವುದರಲ್ಲಿ. ಆಮೇಲೆ ದಿನಕ್ಕೊಂದು ಅಂತ ಹಂಚಬೇಕಾಗಿಯೇ ಇಲ್ಲ. ಬಿಸಿಲು ಚೆನ್ನಾಗಿದ್ದರೆ ಗೋಡೆಯದ್ದು, ಕರೆಂಟ್ ಇದ್ದರೆ ಮಿಷಿನ್, ಮಳೆ ಹೊಯ್ಯುವಾಗ ಜಗಲಿಯಲ್ಲಿ ಕೂತು ಕೈಹೊಲಿಗೆ.

ನನ್ನ ಈ ವಾರದ ಕೆಲಸ ಹೇಳುತ್ತೇನೆ. ದೊಡ್ಡದು ಸುರಂಗದ ಕ್ವಿಲ್ಟ್. ನಮ್ಮ ಕಡೆಯ ಗುಡ್ಡಗಳಲ್ಲಿ ಮುರಕಲ್ಲು ಕೊರೆದು ಅಡ್ಡಕ್ಕೆ ತೋಡಿದ ಸುರಂಗ ನಿಮಗೂ ಗೊತ್ತಲ್ವಾ? ಒಬ್ಬರು ಮಾತ್ರ ಹೋಗುವಷ್ಟು ಅಗಲ, ಪಂಪು ಬೇಡ, ನೀರು ತಾನಾಗಿ ಹರಿದು ಬರುತ್ತದೆ. ಗುಡ್ಡವನ್ನು ಮೇಲಿಂದ ಕೆಳಗೆ ಸೀಳಿದ ಹಾಗೆ ತೋರಿಸುತ್ತಿದ್ದೇನೆ. ಮೇಲೆ ಕೆಂಪು ಕಲ್ಲು, ಒಳಗೆ ಕತ್ತಲೆ, ಕತ್ತಲೆಯೊಳಗಿಂದ ಸಣ್ಣಗೆ ನೀರು.

ಆ ಕತ್ತಲೆಗೆ ಅಂಗಡಿಯ ಕಪ್ಪು ಬಟ್ಟೆ ನನಗೆ ಹಿಡಿಸಲಿಲ್ಲ. ಅಡಿಕೆ ಚೊಗರಿನಲ್ಲಿ, ಅಂದರೆ ಅಡಿಕೆ ಬೇಯಿಸಿ ಉಳಿದ ಕೆಂಪು ನೀರಿನಲ್ಲಿ, ಬಣ್ಣ ಕಟ್ಟಿದೆ. ನಮ್ಮಲ್ಲಿ ಅಡಿಕೆ ಒಣಗಿಸಿ ಚಾಲಿ ಮಾಡುವುದರಿಂದ ಚೊಗರು ಸಿಗುವುದಿಲ್ಲ. ತೀರ್ಥಹಳ್ಳಿ ಕಡೆ ಅಡಿಕೆ ಬೇಯಿಸುವ ನೆಂಟರಿಂದ ತರಿಸಿದ್ದು. ಬಿಳಿ ಹತ್ತಿ ಬಟ್ಟೆಯನ್ನು ಅದರಲ್ಲಿ ಕುದಿಸಿದರೆ ಕೆಂಪು ಮಿಶ್ರಿತ ಕಂದು ಬರುತ್ತದೆ. ಅದನ್ನೇ ತುಕ್ಕು ಮೊಳೆ ನೆನೆಸಿದ ನೀರಿಗೆ ಅದ್ದಿದರೆ ನೋಡ್ತಾ ನೋಡ್ತಾ ಬೂದು, ಆಮೇಲೆ ಕಪ್ಪು. ಅದ್ದುವ ಹೊತ್ತು ಹೆಚ್ಚು ಕಮ್ಮಿ ಮಾಡಿದರೆ ಒಂದೇ ಬಟ್ಟೆಯಲ್ಲಿ ಕತ್ತಲೆಯ ನಾಲ್ಕೈದು ಬಗೆ ಸಿಗುತ್ತವೆ. ಸುರಂಗದ ಬಾಯಿಯ ಹತ್ತಿರ ಕಂದು, ಒಳಗೆ ಹೋದ ಹಾಗೆ ಬೂದು, ಕೊನೆಗೆ ಕಪ್ಪು. ಈ ಕಪ್ಪು ನೋಡಿದಷ್ಟೂ ಸಾಲದು ನನಗೆ. ಕಬ್ಬಿಣದ ನೀರು ಮಾತ್ರ ಜಾಸ್ತಿ ಉಳಿಯಬಾರದು, ವರ್ಷ ಕಳೆದ ಹಾಗೆ ಬಟ್ಟೆಯನ್ನು ತಿನ್ನುತ್ತದೆ. ಚೆನ್ನಾಗಿ ಜಾಲಿಸಿ ತೆಗೆಯಿರಿ.

ಬಣ್ಣ ಕಟ್ಟುವುದು, ಒಗೆಯುವುದು ಎಲ್ಲ ಬೇಸಿಗೆಯ ಕೆಲಸ. ಅಂಗಳದಲ್ಲಿ ಅಡಿಕೆ ಹರಡಿರುತ್ತದೆ, ಹಾಗಾಗಿ ತಾರಸಿಯಲ್ಲಿ ಒಣಗಿಸಿ ಮುಗಿಸಿಟ್ಟಿದ್ದೆ. ಈಗ ಸುರಂಗದ್ದು ಕೈಹೊಲಿಗೆಗೆ ಬಂದಿದೆ. ಈ ವಾರ ಗುಡ್ಡದ ಎಡಭಾಗ ಮುಗಿಯಿತು.

ಎರಡನೆಯದು ಅನಂತಪುರದ ಸರೋವರ ದೇವಸ್ಥಾನದ್ದು. 2022ರಲ್ಲಿ ಅಲ್ಲಿನ ಕೆರೆಯ ಬಬಿಯಾ ಮೊಸಳೆ ತೀರಿಕೊಂಡ ಮೇಲೆ ಮನಸ್ಸಿನಲ್ಲೇ ಇತ್ತು. ನೀರಿಗೆ ಹಳೆಯ ಕಾಸರಗೋಡು ಸೀರೆಯ ತುಂಡುಗಳು. ಕೈಮಗ್ಗದ ಹತ್ತಿ, ತುಂಬ ಸಲ ಒಗೆದು ಮೆತ್ತಗಾಗಿದೆ, ಸೂಜಿ ಸಲೀಸಾಗಿ ಇಳಿಯುತ್ತದೆ. ಇದು ಇನ್ನೂ ಗೋಡೆಯ ಮೇಲೆಯೇ ಇದೆ. ಈ ವಾರ ಒಂದು ಹೊಲಿಗೆಯೂ ಬಿದ್ದಿಲ್ಲ, ತುಂಡುಗಳ ಜಾಗ ಬದಲಾಯಿತು ಅಷ್ಟೆ. ಅದನ್ನೂ ನಾನು ಕೆಲಸ ಅಂತಲೇ ಲೆಕ್ಕ ಹಿಡಿಯುತ್ತೇನೆ. ನೀವೂ ಹಿಡಿಯಿರಿ.

ಮುಂದೆ ಹೋದದ್ದು ಕಾಣಬೇಕಾದರೆ ಭಾನುವಾರ ಎಲ್ಲವನ್ನೂ ಒಂದೇ ಗೋಡೆಗೆ, ಒಂದೇ ಬೆಳಕಿನಲ್ಲಿ ತೂಗಿ ಫೋಟೋ ತೆಗೆಯಿರಿ. ಹೋದ ವಾರದ ಫೋಟೋ ಪಕ್ಕದಲ್ಲಿಟ್ಟು ನೋಡಿ. ಫೋನಿನಲ್ಲೇ ಅದನ್ನು ಕಪ್ಪು ಬಿಳುಪು ಮಾಡಿದರೆ ಇನ್ನೊಂದು ಲಾಭ ಇದೆ. ಯಾವುದು ಗಾಢ, ಯಾವುದು ತಿಳಿ ಅಂತ ಆಗಲೇ ಗೊತ್ತಾಗುವುದು. ಅನಂತಪುರದ ನೀರಿನ ಹಸಿರು, ಗೋಡೆಯ ಕೆಂಪು ಕಣ್ಣಿಗೆ ಎಷ್ಟು ಬೇರೆ! ಕಪ್ಪು ಬಿಳುಪಿನಲ್ಲಿ ಎರಡೂ ಒಂದೇ ಬೂದು. ಅಲ್ಲಿಗೆ ಒಂದು ಗಾಢ ನೀಲಿ ಪಟ್ಟಿ ಬೇಕು ಅಂತ ಹಾಗೆ ಗೊತ್ತಾಯಿತು.

ಇನ್ನೊಂದು, ಕೆಲಸ ನಿಲ್ಲಿಸಿದ ಜಾಗದಲ್ಲಿ ಒಂದು ಚೀಟಿ ಪಿನ್ ಮಾಡಿ. ನನ್ನದರ ಮೇಲೆ ಈಗ ಹೀಗಿದೆ: "ಬಲಗಡೆ ಮೇಲಿನಿಂದ. ಕಂದು ದಾರ, ಎರಡೆಳೆ. ಬಾಯಿಯ ಹತ್ತಿರದ ಕಂದು ತುಂಡಿಗೆ ಬರೀ ಪಿನ್ ಇದೆ, ಮೊದಲು ಅದು." ವಾರ ಬಿಟ್ಟು ಬಂದರೂ ಯೋಚಿಸುತ್ತಾ ಕೂರಬೇಕಾಗಿಲ್ಲ, ಕೂತ ಕೂಡಲೇ ಸೂಜಿ ನಡೆಯುತ್ತದೆ.

ನಿಮ್ಮ ಕಿರೀಟದಲ್ಲಿ ಕೆಂಪು ಬಟ್ಟೆ ಇದ್ದೇ ಇರುತ್ತದೆ. ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡದೆ ಅದನ್ನು ಜೋಡಿಸಬೇಡಿ. ಉಪ್ಪು ನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಅಂತ ಹೇಳುವುದುಂಟು. ಅಂಗಡಿಯಿಂದ ತಂದ ಬಣ್ಣದ ಬಟ್ಟೆಗೆ ಅದರಿಂದ ಉಪಯೋಗ ಇಲ್ಲ. ಬಿಡುವ ಬಣ್ಣ ಪೂರ್ತಿ ಬಿಟ್ಟು ಹೋಗುವ ತನಕ ಒಗೆಯಬೇಕು, ಇಲ್ಲ ಬೇರೆ ಬಟ್ಟೆ ತರಬೇಕು.

ಅಕ್ಕಲಕೋಟೆಯಿಂದ:

ಅಕ್ಕಾರ ಹೇಳಿದ್ದು ಛಲೋ ಇದೆ. ನಮ್ಮ ಮನೆಯಲ್ಲಿ ಅಜ್ಜಿ ಕಾಲದಿಂದ ಕೌದಿ ಹೊಲಿಯುತ್ತಾರೆ, ಆ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ನಾಲ್ಕರಲ್ಲಿ ಒಂದನ್ನು ತಯಾರಿಯೇ ಬೇಡದ ಕ್ವಿಲ್ಟ್ ಮಾಡಿಕೊಳ್ಳಿ. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಂಗಸರು ಮಾಡುವ ರೀತಿ ನೋಡಿ. ಮೊದಲು ಮೇಲ್ಪದರ ಪೂರ್ತಿ ಜೋಡಿಸಿ ಆಮೇಲೆ ಹೊಲಿಯುವ ಪದ್ಧತಿ ಅವರಲ್ಲಿಲ್ಲ. ಕೆಳಗಿನ ಬಟ್ಟೆ ಹಾಸಿ, ಅಂಚಿನಿಂದ ಒಂದೊಂದೇ ತುಂಡು ಮಡಚಿ ಇಡುತ್ತಾ, ಎಲ್ಲ ಪದರ ಸೇರಿಸಿ ಹೊಲಿಯುತ್ತಾ, ಸುತ್ತು ಹಾಕಿಕೊಂಡು ನಡುವಿಗೆ ಬರುತ್ತಾರೆ. ಜೋಡಿಸುವುದು, ಹೊಲಿಯುವುದು, ಅಂಚು ಕಟ್ಟುವುದು ಮೂರೂ ಒಂದೇ ಓಟದಲ್ಲಿ. ನಿಮ್ಮ ಬರೀ ಬಣ್ಣದ ಕ್ವಿಲ್ಟಿಗೆ ಇದು ಭಾಳ ಹೊಂದುತ್ತದೆ. ಹತ್ತು ನಿಮಿಷ ಸಿಕ್ಕರೂ ಒಂದು ತುಂಡು ಕೂರುತ್ತದೆ, ವಾರದ ಕೊನೆಗೆ ಸುತ್ತು ಎಣಿಸಿದರೆ ಎಷ್ಟಾಯಿತು ಅಂತ ಕಣ್ಣಿಗೇ ಕಾಣುತ್ತದೆ.

ಕ್ವಿಲ್ಟಿಗೆ ಇಳಕಲ್ ಸೀರೆಯ ತುಂಡು ಹಾಕುವವರು ಗಮನಿಸಿ. ಒಡಲು ಹತ್ತಿಯದಿದ್ದರೂ ಸೆರಗು ರೇಷ್ಮೆ ಅಥವಾ ಆರ್ಟ್ ಸಿಲ್ಕ್ ಇರುತ್ತದೆ. ಎರಡೂ ಒಂದೇ ಸಮ ಕುಗ್ಗುವುದಿಲ್ಲ, ಇಸ್ತ್ರಿಯ ಬಿಸಿಯೂ ಬೇರೆ ಬೇರೆ. ಗುಳೇದಗುಡ್ಡದ ಖಣ ಕತ್ತರಿಸಿದ ಕೂಡಲೇ ಎಳೆ ಬಿಚ್ಚುತ್ತದೆ. ಹಿಂದೆ ತೆಳು ಫ್ಯೂಸಿಂಗ್ (ಇಸ್ತ್ರಿಯ ಬಿಸಿಗೆ ಅಂಟುವ ಹಾಳೆ) ಅಂಟಿಸಿಯೇ ಕತ್ತರಿ ಹಾಕಿ.

ಹೊಸೂರಿನಿಂದ:

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಪೂರ್ತಿ ಮಿಷಿನ್‌ನಲ್ಲೇ ಮಾಡುವವರು ಎರಡಕ್ಕಿಂತ ಜಾಸ್ತಿ ಇಟ್ಟುಕೊಳ್ಳಬಾರದು. ಮಿಷಿನ್ ಹೊಂದಿಸುವುದರಲ್ಲೇ ಹೊತ್ತು ಹೋಗುತ್ತದೆ. ಬಟ್ಟೆ ಎಳೆಯುವ ಹಲ್ಲು ಕೆಳಗಿಳಿಸಿ ಕೈಯಲ್ಲಿ ಬಟ್ಟೆ ಓಡಿಸುತ್ತಾ ಹೊಲಿಯುವ ದಿನ, ಎರಡೂ ಕ್ವಿಲ್ಟಿನ ಆ ಬಗೆಯ ಕೆಲಸವನ್ನು ಅಂದೇ ಮುಗಿಸಿಬಿಡಿ. ನೇರ ಸಾಲಿನ ಹೊಲಿಗೆ ಇನ್ನೊಂದು ದಿನ. ಸೂಜಿ ಸುಮಾರು 8 ಗಂಟೆ ಹೊಲಿಗೆಗೆ ಒಮ್ಮೆ ಬದಲಾಯಿಸಿ. ಕೆಳಗಿನ ಬಟ್ಟೆ ಎಲ್ಲ ಕಡೆ 3–4 ಇಂಚು ಜಾಸ್ತಿ ಇರಲಿ, ಹೊಲಿದಷ್ಟೂ ಮೇಲ್ಪದರ ಸರಿಯುತ್ತದೆ.

ಮಂಜೇಶ್ವರದಿಂದ:

ಎಲ್ಲರಿಗೂ ತುಂಬ ಥ್ಯಾಂಕ್ಸ್. ನೋಡಿದರೆ ನನ್ನ ಮೂರು ಕ್ವಿಲ್ಟ್ ತುಂಡು ಅಂಟಿಸುವ ಹಂತದಲ್ಲೇ ಇವೆ! ಬರೀ ಬಣ್ಣದ್ದನ್ನು ಸಿದ್ದಿಯವರ ರೀತಿಯಲ್ಲಿ ಇವತ್ತೇ ಶುರು ಮಾಡ್ತೇನೆ. ಕೋಟೆಯದ್ದನ್ನು ಕೈಹೊಲಿಗೆಗೆ ಇಳಿಸುತ್ತೇನೆ, ಕಲ್ಲಿನ ಸಾಲುಗಳಿಗೆ ಅದೇ ಚಂದ. ಕಿರೀಟ, ಗದ್ದೆ ಎರಡೂ ಸದ್ಯ ಗೋಡೆಯ ಮೇಲೆ. ಒಂದು ಸಂಶಯ ಉಳಿಯಿತು. ಕೋಟೆಯ ಕಲ್ಲುಗಳಿಗೆ ಫ್ಯೂಸಿಂಗ್ ಹಾಕಿ ಅಂಟಿಸಿದ್ದು ಮಳೆ ಶುರುವಾದ ಮೇಲೆ ಮೂಲೆಗಳಲ್ಲಿ ಏಳುತ್ತಿದೆ. ಏನು ಮಾಡಲಿ? ಮತ್ತೆ ಕಪಾಟಿನಲ್ಲಿಟ್ಟ ಬಟ್ಟೆಗೆ ಬೂಷ್ಟು ಹಿಡಿಯದ ಹಾಗೆ?

ಬದಿಯಡ್ಕದಿಂದ:

ಮಳೆಗಾಲದಲ್ಲಿ ಬಟ್ಟೆ ಮುಟ್ಟಿದರೆ ಒಣಗಿದ ಹಾಗೆಯೇ ಇರುತ್ತದೆ, ಒಳಗೆ ತೇವ ಇರುತ್ತದೆ. ತೇವ ಇದ್ದರೆ ಅಂಟು ಹಿಡಿಯುವುದಿಲ್ಲ. ಮೊದಲು ಎರಡೂ ಬಟ್ಟೆಗೆ ಉಗಿ ಇಲ್ಲದೆ ಒಣ ಇಸ್ತ್ರಿ ಹಾಕಿ. ಆಮೇಲೆ ಏಳುತ್ತಿರುವ ಮೂಲೆಯ ಮೇಲೆ ತೆಳು ಬಟ್ಟೆ ಹಾಸಿ, ಇಸ್ತ್ರಿಯನ್ನು ಉಜ್ಜದೆ ಒತ್ತಿ ಹಿಡಿಯಿರಿ. ಎಷ್ಟು ಸೆಕೆಂಡ್ ಅಂತ ಫ್ಯೂಸಿಂಗ್‌ನ ಕಾಗದದ ಮೇಲೆ ಇರುತ್ತದೆ. ಪೂರ್ತಿ ತಣಿಯುವ ತನಕ ಎತ್ತಬೇಡಿ. ಹಾಗೂ ಅಂಟಿನ ಮೇಲೆ ಪೂರ್ತಿ ಭಾರ ಹಾಕಬೇಡಿ, ಪ್ರತಿ ಕಲ್ಲಿನ ಅಂಚಿಗೂ ಒಂದು ಸಾಲು ಹೊಲಿಗೆ ಬೀಳಲಿ.

ಬೂಷ್ಟಿಗೆ, ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಬೇಡಿ, ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿಡಿ. ಇಸ್ತ್ರಿ ಹಾಕಿದ ಬಟ್ಟೆ ಆರಿದ ಮೇಲೆಯೇ ಒಳಗೆ ಹೋಗಲಿ. ಬಿಸಿಲು ಬಂದ ದಿನ ಕಪಾಟಿನ ಬಾಗಿಲು ತೆರೆದಿಡಿ. ಕ್ವಿಲ್ಟನ್ನು ಮಾತ್ರ ನೇರ ಬಿಸಿಲಿಗೆ ಹಾಕಬೇಡಿ, ಬಣ್ಣ ಮಾಸುತ್ತದೆ. ಗಾಳಿಯಾಡುವ ಕೋಣೆಯಲ್ಲಿ ಹರಡಿದರೆ ಸಾಕು.